ತುಳಸಿಕಟ್ಟೆಗೆ ಇಳಿಸಿದ ತಂತಿ

ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಒಂದು ಸಿಎನ್‌ಸಿ ಯಂತ್ರ ಕಟ್ಟುವುದು ಯಾವ ಮಹಾ ಕೆಲಸ? ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆಯಲ್ಲಿ ತಾನೇ ಹೂಬಳ್ಳಿ ಕೆತ್ತುವ ಯಂತ್ರ ಅದು. ಗುಜರಿಯಿಂದ ಮೋಟಾರು, ಮುರಿದ ಕಬ್ಬಿಣದ ಮಂಚದಿಂದ ಚೌಕಟ್ಟು ತಂದು, ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲೇ ಅದನ್ನು ಪ್ರತಿಷ್ಠಾಪಿಸಿದೆ. ಇಲ್ಲದ್ದು ಕಂಪ್ಯೂಟರ್ ಒಂದೇ. ಮನೆಯಲ್ಲಿದ್ದದ್ದು ನನ್ನ ಹೆಂಡತಿ ಸುಮಿತ್ರಾಳದು. ಅದರಲ್ಲಿ ಅವಳು ತಿಳವಳ್ಳಿಯ ತನಕದ ಊರುಗಳಿಗೆ ಮದುವೆ ಪತ್ರಿಕೆ ಮಾಡಿಕೊಡುತ್ತಾಳೆ. ಅದನ್ನೇ ಕೇಳಿದೆ.

“ತಗೋರಿ. ಆದ್ರ ನಿಮ್ಮ ಮಷೀನ್ ಹಚ್ಚಿ ಹಿಂದಿನ ಆ ಪೋರ್ಟ್ ಸುಟ್ಟೀರಂದ್ರ ನೋಡ್ರಿ ಮತ್ತ! ನನ್ನ ಪ್ರಿಂಟರ್ ಅದಕ್ಕ ಹಚ್ಚೋದು. ಅದು ಹೋತಂದ್ರ ನನ್ನ ದಂಧೆನ ಹೋದಂಗ” ಎಂದಳು.

“ಪೋರ್ಟಿಗೆ ನಾ ಜವಾಬ್ದಾರ!” ಎಂದು ಎದೆ ತಟ್ಟಿಕೊಂಡೆ.

ಸವಣೂರಿನಲ್ಲಿ ಮೋಟಾರು ರಿಪೇರಿ ಮಾಡುವ ಗೆಳೆಯ ದಾದಾಪೀರ ಫೋನಿನಲ್ಲಿ ಎಚ್ಚರಿಸಿದ್ದ. “ಮಾಸ್ತರ, ಸೀದಾ ವೈರ್ ಜೋಡಿಸಬ್ಯಾಡ್ರಿ. ಮಷೀನಿನ ಕರೆಂಟ್ ಕಂಪ್ಯೂಟರಿಗೆ ಹೋಗದಂಗ ನಡುವ ಒಂದು ಬೋರ್ಡ್ ಹಾಕ್ಬೇಕು. ಗುರುವಾರ ನಾನ ತರ್ತೇನಿ.”

ಅವತ್ತು ಸೋಮವಾರ. ಗುರುವಾರದ ತನಕ ಯಾರು ಕಾಯುತ್ತಾರೆ! ಯಂತ್ರದ ಮೈಮೇಲೆ ಸೋರುವ ಕರೆಂಟನ್ನು ಹಸಿ ಮಣ್ಣಿಗೆ ಇಳಿಸಿದರೆ ಪೋರ್ಟ್ ಬಚಾವು. ಸದಾ ಹಸಿಯಾಗಿರುವ ಮಣ್ಣು ಎಲ್ಲಿದೆ? ತುಳಸಿಕಟ್ಟೆಯಲ್ಲಿ! ಹೆಂಡತಿ ನಿತ್ಯ ಅದಕ್ಕೆ ತಂಬಿಗೆ ನೀರು ಹಾಕುತ್ತಾಳೆ. ಯಂತ್ರದ ಚೌಕಟ್ಟಿಗೆ ಕಟ್ಟಿದ ತಂತಿಯನ್ನು ಕಿಟಕಿಯಿಂದ ಇಳಿಸಿ, ಒಂದು ಕಬ್ಬಿಣದ ಸಲಾಕಿಗೆ ಬಿಗಿದು, ಗಿಡದ ಹಿಂದೆ ಮಣ್ಣಿನಲ್ಲಿ ಹುಗಿದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಪರೀಕ್ಷೆಗೆಂದು ಉಳಿಯ ಬದಲು ಪೆನ್ನು ಕಟ್ಟಿ, ಕರೆಂಟ್ ಹಾಕಿ, ಚಹಾ ಕುಡಿಯುತ್ತ ಕುಳಿತಿದ್ದೆ. ಇನ್ನೂ ಯಾವ ಆಜ್ಞೆಯನ್ನೂ ಕೊಟ್ಟಿರಲಿಲ್ಲ. ಹೊರಗೆ ತುಳಸಿಕಟ್ಟೆಯಲ್ಲಿ ಸುಮಿತ್ರಾಳ ಪೂಜೆಯ ಗಂಟೆ ನಿಂತಿತು. ಕಟ್... ಕಟ್... ಪೆನ್ನು ತಾನೇ ಎರಡು ಬೆರಳಷ್ಟು ಸರಿದು, ಕಾಗದದ ಮೇಲೆ ಒಂದು ಡೊಂಕು ಗೆರೆ ಎಳೆದು, ಸುಮ್ಮನೆ ನಿಂತುಬಿಟ್ಟಿತು. ಮುಟ್ಟಿದವರು ಯಾರೂ ಇಲ್ಲ. ಪಡಸಾಲೆಯಲ್ಲಿ ನಾನೊಬ್ಬನೇ. ಚಹಾ ಕೆಳಗಿಟ್ಟು, ಬಗ್ಗಿ ಯಂತ್ರದ ಅಡಿಗೂ ನೋಡಿದೆ.

ಬುಧವಾರವೂ ಅದೇ ಹೊತ್ತಿಗೆ, ಅದೇ ಸದ್ದು. ಮೊದಲ ಗೆರೆಯ ಮಗ್ಗುಲಲ್ಲಿ ಇನ್ನೊಂದು ಗೆರೆ. ಕಟ್ಟೆಯ ಬುಡದಲ್ಲಿ ಮಲಗುತ್ತಿದ್ದ ಬೆಕ್ಕು ಅಂದಿನಿಂದ ಅತ್ತ ಸುಳಿಯಲಿಲ್ಲ. ಪೂಜೆ ಮುಗಿಸಿ ಬಂದ ಸುಮಿತ್ರಾಳ ಮುಖ ಬಿಳಿಚಿಕೊಂಡಿತ್ತು.

“ರೀ, ತುಳಸವ್ವನ್ನ ಮುಟ್ಟಿದ್ರ ಮೈ ಜುಮ್ ಅಂತೈತ್ರಿ. ಒಳಗಿಂದ ಯಾರೋ ಕೈ ಹಿಡಿದಂಗ ಆಕ್ಕೈತಿ. ನಿನ್ನೇನೂ ಹಂಗ ಆತು.”

ಯಾವಾಗ ಎಂದು ಕೇಳಿದೆ. ಪೆನ್ನು ಸರಿದ ಹೊತ್ತೇ! ನನ್ನೊಳಗಿನ ವಿಜ್ಞಾನ ಬೆವರತೊಡಗಿತು.

ಗುರುವಾರ ಪಕ್ಕದ ಮನೆಯ ನೀಲಕ್ಕನೂ ಬಂದಳು. ಇಬ್ಬರೂ ಬರಿಗಾಲಲ್ಲಿ ಹಸಿ ಕಟ್ಟೆಗೆ ಕೈಯಿಟ್ಟು, ಕಣ್ಣು ಮುಚ್ಚಿ ನಿಂತರು. ಒಳಗೆ ಕಟ್ ಕಟ್ ಕಟ್! ನಾನು ಓಡಿಬಂದು ಕಟ್ಟೆ ಮುಟ್ಟಿದೆ. ಏನೂ ಇಲ್ಲ.

“ಚಪ್ಪಲ್ ಹಾಕ್ಕೊಂಡು ಬಂದಾವ್ಗ ದೇವರು ಹೆಂಗ ಸಿಗತಾನ, ಮಾಸ್ತರ?” ಎಂದಳು ನೀಲಕ್ಕ.

ರಬ್ಬರ್ ಚಪ್ಪಲಿ ಬಿಟ್ಟು ಮುಟ್ಟಿದೆ. ಜುಮ್! ಭುಜದ ತನಕ ಏರಿತು. ಸುಳ್ಳು ಯಾಕೆ ಹೇಳಲಿ, ಇಪ್ಪತ್ತು ವರ್ಷದ ವಿಜ್ಞಾನವನ್ನು ಚಪ್ಪಲಿಯ ಪಕ್ಕದಲ್ಲೇ ಬಿಟ್ಟು ಕೈಮುಗಿದೆ. “ಅವ್ವಾ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ” ಎಂದೂ ಬೇಡಿಕೊಂಡೆ.

ಅಷ್ಟರಲ್ಲಿ ಬೋರ್ಡ್ ಹಿಡಿದುಕೊಂಡು ದಾದಾಪೀರ ಬಂದ. ಕೈಮುಗಿದು ನಿಂತ ಮೂವರನ್ನು ನೋಡಿದ. ಗಿಡದ ಹಿಂದಿನ ಸಲಾಕಿ ನೋಡಿದ. ಕಿಸೆಯಿಂದ ಟೆಸ್ಟರ್ ತೆಗೆದು ಅದಕ್ಕೆ ಮುಟ್ಟಿಸಿದ. ಟೆಸ್ಟರಿನ ದೀಪ ಹತ್ತಿತು!

“ಎಲ್ಲಾರೂ ಹಿಂದ ಸರೀರಿ!” ಎಂದು ಕೂಗಿ, ಒಳಗೆ ಓಡಿ ಯಂತ್ರದ ಕರೆಂಟ್ ಕಿತ್ತು ಬಂದ. “ಏನ್ ಮಾಡೀರಿ ಮಾಸ್ತರ! ಕಟ್ಟಿ ತಳ ಎಲ್ಲಾ ಸಿಮೆಂಟ್. ಈ ಮಣ್ಣು ನೆಲಕ್ಕ ಮುಟ್ಟೇ ಇಲ್ಲ. ಸೋರಿದ ಕರೆಂಟ್ ಇಲ್ಲೇ ನಿಂತು, ಅಕ್ಕಾರು ಮುಟ್ಟಿದಾಗ ಅವರ ಮೈಯಾಗಿಂದ ಇಳದೈತಿ. ಆ ಏರುಪೇರಿಗೆ ಮಷೀನ್ ಅಳ್ಳಾಡೈತಿ. ಪುಣ್ಯಾಕ್ಕ ಸ್ವಲ್ಪ ಕರೆಂಟ್ ಇತ್ತು. ಜಾಸ್ತಿ ಇದ್ದಿದ್ರ...”

ಮೂರು ದಿನ ಈ ಮನೆಯಲ್ಲಿ ದೆವ್ವವೂ ನಾನೇ, ದೇವರೂ ನಾನೇ! ಸುಮಿತ್ರಾಳಿಗೆ ಏನಾದರೂ ಆಗಿದ್ದರೆ ಎಂದು ನೆನೆದು ಆ ಸಲಾಕಿಯನ್ನು ಕಿತ್ತೆಸೆದೆ. ದಾದಾಪೀರ ಒಳಗೆ ಹೋಗಿ ಕಂಪ್ಯೂಟರಿಗೆ ಪ್ರಿಂಟರ್ ಹಚ್ಚಿ ನೋಡಿದ. ಒಂದು ಮದುವೆ ಪತ್ರಿಕೆ ಲಕ್ಷಣವಾಗಿ ಹೊರಬಂತು. ನಾನು ಹೆಂಡತಿಯ ಎದುರು ನಿಂತು, ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಗಾಬರಿಯಲ್ಲಿ ಹೊರಬಿದ್ದದ್ದು ಬೇರೆ.

“ಸುಮಿತ್ರಾ, ಪೋರ್ಟಿಗೆ ಏನೂ ಆಗಿಲ್ಲ!”

“ಹೌದ್ರಿ” ಎಂದಳು ಅವಳು, ಅಂಗೈ ತಿಕ್ಕಿಕೊಳ್ಳುತ್ತ. “ಮೂರು ದಿನ ಮೈ ಒಡ್ಡಿ ಅದನ್ನ ನಾನ ಕಾದೇನಲ್ಲ.”

ನಾಚಿಕೆಯಿಂದ ನೆಲಕ್ಕೆ ಇಳಿದುಹೋಗಬೇಕೆನಿಸಿತು. ಆದರೆ ನಮ್ಮ ಮನೆಯಲ್ಲಿ ಕರೆಂಟಿಗೇ ಆಗದ್ದು ನನಗೆಲ್ಲಿ ಆಗಬೇಕು!