ಅಂದಾಜಪ್ಪ ರಸ್ತೆಗಿಳಿದದ್ದು

ಲೈನ್‌ಮನ್‌ಗೆ ಹಲ್ಲುನೋವು ಬಂದದ್ದೇ ಎಲ್ಲಕ್ಕೂ ಮೂಲ. ಅವನು ದವಡೆ ಹಿಡಿದುಕೊಂಡು ಡಾಕ್ಟರ ಬಳಿ ಓಡಿದ ಬೆಳಿಗ್ಗೆಯೇ ಉದ್ದರಸ್ತೆಯ ಮೂರನೇ ಸಿಗ್ನಲ್, ಹಟ ಹಿಡಿದ ಮಗುವಿನಂತೆ ಕೆಂಪಗೆ ಕೂತುಬಿಟ್ಟಿತು. ಏನು ಮಾಡಿದರೂ ಹಸಿರಾಗಲೊಲ್ಲದು.

“ನೀನೇ ಹೋಗಿ ಬಾರಯ್ಯ,” ಎಂದರು ಕಂಟ್ರೋಲ್ ರೂಮಿನ ಸಾಹೇಬರು. “ಕಂಬದ ಬುಡದಲ್ಲಿ ಡಬ್ಬ ಇದೆ. ಬೀಗ ತೆಗಿ, ಸ್ವಿಚ್ ಆರಿಸು, ಹತ್ತು ಎಣಿಸು, ಮತ್ತೆ ಹಾಕು. ಅಷ್ಟೇ.”

“ನಾನಾ ಸರ್?”

“ಇನ್ಯಾರು, ನಾನಾ?”

ಹೀಗೆ ಅಂದಾಜಪ್ಪ ತಾನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ರಸ್ತೆಯಲ್ಲಿ ಮೊದಲ ಸಲ ಕಾಲಿಟ್ಟ.

ಅಂದಾಜಪ್ಪ ಎಂಬುದು ಆಫೀಸಿನವರಿಟ್ಟ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಅಲ್ಲಿಂದ ಆಚೆ ಬಂದಿರಲಿಲ್ಲ. ಉದ್ದರಸ್ತೆಯ ಐದು ಸಿಗ್ನಲ್‌ಗಳಿಗೆ ಯಾವ ಗಂಟೆಯಲ್ಲಿ ಎಷ್ಟು ವಾಹನ ಬರಬಹುದೆಂದು ದಿನಾ ಏಳು ಗಂಟೆಗೆ ಬರೆದುಕೊಡುವುದು, ಅದಕ್ಕೆ ತಕ್ಕಂತೆ ಹಸಿರು ದೀಪಕ್ಕೆ ಇಷ್ಟಿಷ್ಟು ಸೆಕೆಂಡೆಂದು ಹಂಚುವುದು ಅವನ ಕೆಲಸ. ಶಾಲೆಗೆ ಪರೀಕ್ಷೆ ಇದ್ದರೆ ಎಷ್ಟು ಹೆಚ್ಚು, ನಾಲ್ಕು ಹನಿ ಮಳೆ ಬಿದ್ದರೆ ಎಷ್ಟು ನಿಧಾನ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ನಾಲಿಗೆಯನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ, ಒಂದು ಮಂಚ. ತಿಂಗಳಿಗೊಮ್ಮೆ ತಂಗಿಯ ಫೋನ್ ಬರುತ್ತಿತ್ತು. “ಊಟ ಆಯ್ತೇನೋ?” ಎಂದು ಕೇಳಿ, ಉತ್ತರ ಬರುವ ಮುಂಚೆ “ಸರಿ ಹಾಗಾದ್ರೆ” ಎಂದು ಅವಳು ಇಟ್ಟುಬಿಡುತ್ತಿದ್ದಳು.

ಹೀಗಾಗಿ ಅವನ ನೆಂಟರಿಷ್ಟರೆಲ್ಲ ಕಂಟ್ರೋಲ್ ರೂಮಿನ ಹನ್ನೆರಡು ಪರದೆಗಳೊಳಗೆ ಇದ್ದರು. ಕ್ಯಾಮೆರಾದಲ್ಲಿ ಉದ್ದರಸ್ತೆಯ ಜನ ಎದ್ದು ಬಂದು, ಬಾಗಿಲು ತೆರೆದು, ಜಗಳವಾಡಿ, ನಕ್ಕು, ಬಾಗಿಲು ಹಾಕಿಕೊಂಡು ಹೋಗುವುದನ್ನು ಅವನು ದಿನವೂ ನೋಡುತ್ತಿದ್ದ. ಅವರ ದನಿ ಮಾತ್ರ ಕೇಳಿರಲಿಲ್ಲ.

ಸಿಗ್ನಲ್ಲಿನ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಹತ್ತು ಎಣಿಸಿ ಸ್ವಿಚ್ ಹಾಕಿದ, ದೀಪ ಹಸಿರಾಯಿತು, ವಾಹನಗಳು ಹೊರಟವು. ಆಗಲೇ ಹಿಂದಿರುಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತಿರುಗಿದರೆ ಎದುರಿಗೇ ಕೀಲಿ ಮಾಡುವವನ ಅಂಗಡಿ! ಅಂಗಡಿಯಲ್ಲಿ ಸಾಕ್ಷಾತ್ ಕೀಲಿಯವನು! ಅಂದಾಜಪ್ಪನಿಗೆ ಕಳೆದುಹೋದ ಚಿಕ್ಕಪ್ಪ ಸಿಕ್ಕಷ್ಟು ಸಂತೋಷವಾಯಿತು.

“ಏನ್ ಸಾರ್, ಸೊಂಟ ಹೇಗಿದೆ ಈಗ?”

“ಯಾವ ಸೊಂಟ?” ದೈತ್ಯನಂತಿದ್ದ ಕೀಲಿಯವನ ದನಿ ಕೊಳಲಿನಷ್ಟು ತೆಳ್ಳಗಿತ್ತು.

“ನಿಮ್ದೇ. ಹೋದ ಸೋಮವಾರ ಶಟರ್ ಎತ್ತುವಾಗ ಹಿಡ್ಕೊಂಡಿತಲ್ಲ. ಹತ್ತು ನಿಮಿಷ ಬಗ್ಗಿದ ಹಾಗೇ ಇದ್ರಿ. ನನಗಂತೂ ಜೀವ ಚುರ್ ಅಂತು.”

“ಅವತ್ತು ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಲ್ರೀ!”

“ನಾನಿದ್ನಲ್ಲ,” ಎಂದ ಅಂದಾಜಪ್ಪ ಅಕ್ಕರೆಯಿಂದ.

ಕೀಲಿಯವನ ಕಣ್ಣು ಅವನ ಕೈಯಲ್ಲಿದ್ದ ಬೀಗದ ಕೈ ಗೊಂಚಲಿನ ಮೇಲೆ ನೆಟ್ಟಿತು. “ಸ್ವಲ್ಪ ಬನ್ರೀ ಇಲ್ಲಿ!” ಎಂದು ಪಕ್ಕದ ಕ್ಷೌರದಂಗಡಿಯವನನ್ನು ಕರೆದ.

ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಂದ. ಅಂದಾಜಪ್ಪನ ಮುಖ ಇನ್ನಷ್ಟು ಅರಳಿತು. “ಓಹೋ, ನೀವು! ಗಿರಾಕಿ ಇಲ್ಲದ ಮಧ್ಯಾಹ್ನ ಕನ್ನಡಿ ಮುಂದೆ ಕುಣೀತೀರಲ್ಲ, ಎಷ್ಟು ಚೆನ್ನಾಗಿ ಕುಣೀತೀರಿ ಅಂತೀನಿ! ಆ ಟವೆಲ್ ಸೊಂಟಕ್ಕೆ ಕಟ್ಕೊಂಡು…”

ಕೀಲಿಯವನು ಕ್ಷೌರಿಕನನ್ನು ನೋಡಿದ. ಕ್ಷೌರಿಕ ಕಿವಿಯವರೆಗೂ ಕೆಂಪಾದ. “ಯಾರ್ರೀ ಇವನು? ಬಾಯಿಗೆ ಬಂದ ಹಾಗೆ ಬೊಗಳ್ತಾನೆ!”

ಅಷ್ಟರಲ್ಲಿ ಟೀಚರಮ್ಮ ಏದುಸಿರು ಬಿಡುತ್ತ ಬಸ್ಸಿಗೆ ಓಡಿ ಬಂದರು. ಅಂದಾಜಪ್ಪ ಕೈ ಅಡ್ಡ ಹಿಡಿದ. “ಮೇಡಂ, ಓಡಬೇಡಿ. ಈ ಹೊತ್ತಿಗೆ ನಿಮ್ಮ ಬಸ್ ಇನ್ನೂ ಎರಡನೇ ಸಿಗ್ನಲ್ ದಾಟಿರಲ್ಲ. ನಿಮಗೋಸ್ಕರ ಎಷ್ಟೋ ಸಲ ಕೆಂಪು ದೀಪ ನಾಲ್ಕು ಸೆಕೆಂಡ್ ಜಾಸ್ತಿ ಹಿಡಿದಿದೀನಿ, ಗೊತ್ತಾ?”

“ನನಗೋಸ್ಕರ?” ಟೀಚರಮ್ಮ ಚೀಲವನ್ನು ಎದೆಗವಚಿಕೊಂಡು ಕಿರುಚಿದರು. “ಯಾರಾದ್ರೂ ಪೊಲೀಸರನ್ನ ಕರೀರಿ!”

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಮನೆ ಗುರುತು ಮಾಡಲು ಬಂದ ಕಳ್ಳ ಎಂದರು ಒಬ್ಬರು. ಗಂಡು ಕಡೆಯವರು ಕಳಿಸಿದ ಪತ್ತೇದಾರ ಎಂದರು ಇನ್ನೊಬ್ಬರು. ಹಿಂದಿದ್ದವರು ಏನು ಎತ್ತ ಎಂದು ಗೊತ್ತಿಲ್ಲದೆಯೇ “ಬಿಡಬೇಡಿ, ಹಿಡ್ಕೊಳ್ಳಿ!” ಎಂದರು. ಸ್ಕೂಟರಿನವರು ಸ್ಕೂಟರ್ ನಿಲ್ಲಿಸಿ ಇಣುಕಿದರು. ಟೀಚರಮ್ಮನ ಬಸ್ಸು ಬಂತು. ನಡುರಸ್ತೆಯಲ್ಲೇ ನಿಲ್ಲಿಸಿ ಡ್ರೈವರೂ ಇಳಿದ. ದೀಪ ಹಸಿರಾಯಿತು, ಹಳದಿಯಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಒಂದು ಚಕ್ರವೂ ಉರುಳಲಿಲ್ಲ.

ಅಂದಾಜಪ್ಪನ ಫೋನ್ ರಿಂಗಾಯಿತು.

“ಏನಯ್ಯಾ ಇದು!” ಸಾಹೇಬರು ಅರಚುತ್ತಿದ್ದರು. “ದೀಪ ಹಸಿರಿದೆ, ವಾಹನಗಳ ಬಾಲ ಒಂದನೇ ಸಿಗ್ನಲ್ ತನಕ ಬೆಳೆದಿದೆ. ಮಧ್ಯದಲ್ಲಿ ಯಾವನೋ ಬೋಳುತಲೆಯವನನ್ನ ಸುತ್ಕೊಂಡು ನಿಂತಿದಾರೆ. ಯಾರವನು?”

“ನಾನೇ ಸರ್.”

“ನಾನೇ ಅಂದ್ರೆ ಯಾರು?”

“ನಾನೇ… ಅಂದಾಜಪ್ಪ.”

“ನನ್ನ ಹೆಸರು ಮಾತ್ರ ಎತ್ತಬೇಡ,” ಎಂದು ಸಾಹೇಬರು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಗುರುತಿನ ಚೀಟಿ ಆಫೀಸಿನ ಕುರ್ಚಿಗೆ ನೇತು ಹಾಕಿದ ಕೋಟಿನಲ್ಲಿತ್ತು.

ಪೊಲೀಸಿನವನು ಗುಂಪು ಸೀಳಿಕೊಂಡು ಬಂದು ಅಂದಾಜಪ್ಪನ ಕೈ ಹಿಡಿದ. “ಇಲ್ಲಿ ಯಾರಿಗಾದ್ರೂ ಇವನ ಪರಿಚಯ ಇದೆಯೇನ್ರೀ?”

ಅಂದಾಜಪ್ಪ ಸುತ್ತಲೂ ನೋಡಿದ. ಒಂಬತ್ತು ವರ್ಷದ ಮುಖಗಳು. ಯಾರ ಮಗಳ ಮದುವೆಯಾಯಿತು, ಯಾರ ಗಂಡ ಆಂಬುಲೆನ್ಸಿನಲ್ಲಿ ಹೋದವನು ತಿರುಗಿ ಬರಲಿಲ್ಲ, ಎಲ್ಲ ಗೊತ್ತಿತ್ತು. ಒಬ್ಬೊಬ್ಬರನ್ನೇ ನೋಡುತ್ತ ಬಂದ. ಒಬ್ಬೊಬ್ಬರೇ ತಲೆಯಾಡಿಸಿ, ಇಲ್ಲ ಎಂದರು.

“ಸರೀರೋ ಆ ಕಡೆ!”

ಛತ್ರಿಯ ಮೊನೆಯಿಂದ ಜನರನ್ನು ತಿವಿಯುತ್ತ ಒಬ್ಬ ಅಜ್ಜಿ ಒಳಗೆ ನುಗ್ಗಿದರು. ದಿನಾ ಹತ್ತು ಗಂಟೆಗೆ ರಸ್ತೆ ದಾಟುವ ಅಜ್ಜಿ; ಅವರು ಆಚೆ ಮುಟ್ಟುವ ತನಕ ಅಂದಾಜಪ್ಪ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದ.

“ಇವನು ನನ್ನ ಅಣ್ಣನ ಮಗ,” ಎಂದರು ಅಜ್ಜಿ. “ನನ್ನ ನೋಡೋಕೆ ಬಂದಿದಾನೆ. ನಿಮ್ಮ ಗಂಟೇನು ಹೋಗೋದು?”

ಪೊಲೀಸಿನವನು ಕೈಬಿಟ್ಟ. ಅರ್ಧಕ್ಕೆ ನಿಂತ ಸಿನಿಮಾದಿಂದ ಎದ್ದವರಂತೆ ಜನ ಗೊಣಗುತ್ತ ಚದುರಿದರು. ಅಂದಾಜಪ್ಪ ಅಜ್ಜಿಯ ಕೈಚೀಲ ಎತ್ತಿಕೊಂಡು, ಹಸುವಿನ ಬೆನ್ನು ಹತ್ತಿದ ಕರುವಿನಂತೆ ಅವರ ಹಿಂದೆ ಹೊರಟ.

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಜ್ಜಿ ಕುರ್ಚಿಯ ಮೇಲಿನ ಒಗೆದ ಬಟ್ಟೆ ಸರಿಸಿ ಕೂರಿಸಿದರು, ಕಾಫಿ ಕೊಟ್ಟರು. “ಎಷ್ಟು ಸೊರಗಿಬಿಟ್ಟಿದೀಯೋ ಮಗಾ! ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ವೋ?” ಎಂದು ಕೆನ್ನೆ ಸವರಿದರು. ಉತ್ತರಕ್ಕೆ ಕಾದರು ಕೂಡ.

“ಉಣ್ತೀನಿ ಅತ್ತೆ,” ಎಂದ ಅಂದಾಜಪ್ಪ. ‘ಅತ್ತೆ’ ಎಂಬ ಮಾತು ಬಾಯಿಂದ ತಾನಾಗಿ ಬಂದಿತ್ತು. ತನ್ನನ್ನು ಉಳಿಸಲು ಇವರು ಹೇಳಿದ ಸುಳ್ಳು ಎಷ್ಟು ದೊಡ್ಡ ಮನಸ್ಸಿನದು! ಇನ್ನು ಪ್ರತಿ ಭಾನುವಾರ ಬರಬೇಕು, ಬರುವಾಗ ಹಣ್ಣು ತರಬೇಕು ಎಂದುಕೊಂಡ. ಮಂಡಿನೋವಿನ ಕತೆ ಕೇಳಿದ, ಅತ್ತೆಯ ತವರಿನ ಕತೆ ಕೇಳಿದ, ಕಾಫಿಯ ಕೊನೆಯ ಗುಟುಕನ್ನು ಬೇಕೆಂದೇ ಹಾಗೇ ಉಳಿಸಿಕೊಂಡ.

ಬಾಗಿಲು ತಳ್ಳಿಕೊಂಡು ಅಜ್ಜಿಯ ಸೊಸೆ ತರಕಾರಿ ಹೊತ್ತು ಬಂದಳು. ಅವನನ್ನು ನೋಡಿ ನಿಟ್ಟುಸಿರು ಬಿಟ್ಟಳು.

“ಇವತ್ತು ಇವರಾ, ಅತ್ತೆ?”

“ನನ್ನ ಅಣ್ಣನ ಮಗ ಕಣೇ!”

ಸೊಸೆ ಅವನನ್ನು ಮೆಲ್ಲಗೆ ಬಾಗಿಲ ಬಳಿಗೆ ಕರೆದಳು. “ತಪ್ಪು ತಿಳ್ಕೋಬೇಡಿ. ಅತ್ತೆಗೆ ಅಣ್ಣಂದಿರೇ ಇಲ್ಲ. ಈಗೀಗ ಯಾವುದೂ ನೆನಪಿರಲ್ಲ, ಸಿಕ್ಕವರನ್ನೆಲ್ಲ ಹೀಗೇ ಕರ್ಕೊಂಡು ಬರ್ತಾರೆ. ನಿನ್ನೆ ಕರೆಂಟ್ ಮೀಟರ್ ನೋಡೋರು ಅಣ್ಣನ ಮಗ ಆಗಿದ್ರು. ಮೊನ್ನೆ ಪೋಸ್ಟ್‌ಮನ್. ಕಾಫಿ ಕುಡಿದ್ರಲ್ಲ?”

“ಕುಡಿದೆ,” ಎಂದ ಅಂದಾಜಪ್ಪ.

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಅಜ್ಜಿಯ ದನಿ ಕೇಳಿತು. “ಬಾಗಿಲಲ್ಲಿ ಯಾರೇ ಅದು?”

ಕಂಟ್ರೋಲ್ ರೂಮಿಗೆ ಮರಳಿದಾಗ ಸಾಹೇಬರು ಕಾಯುತ್ತಿದ್ದರು. “ಮೇಲಿನವರು ವರದಿ ಕೇಳಿದಾರೆ. ನಲವತ್ತೆರಡು ನಿಮಿಷದ ದಟ್ಟಣೆ! ಈ ರಸ್ತೆ ಹುಟ್ಟಿದಾಗಿಂದ ಇಷ್ಟು ಆಗಿಲ್ಲ. ನಮ್ಮವನೇ ಮಾಡಿದ್ದು ಅಂತ ಬರೆದ್ರೆ ಇಬ್ಬರ ಕೆಲಸವೂ ಹೋಗತ್ತೆ. ಏನಾದ್ರೂ ನೋಡಿ ಬರಿ.”

ಅಂದಾಜಪ್ಪ ದೃಶ್ಯವನ್ನು ಹಿಂದಕ್ಕೆ ಓಡಿಸಿದ. ಮೂರನೇ ಸಿಗ್ನಲ್ಲಿನಲ್ಲಿ ಐವತ್ತು ಕಪ್ಪು ತಲೆಗಳ ನಡುವೆ ಒಂದು ಬೋಳುತಲೆ, ಒಮ್ಮೆ ಇವರ ಕಡೆಗೆ, ಒಮ್ಮೆ ಅವರ ಕಡೆಗೆ ತಿರುಗುತ್ತಿತ್ತು. ಶಬ್ದವಿಲ್ಲದ ಆ ಚಿತ್ರದಲ್ಲಿ, ಯಾರೋ ದೊಡ್ಡ ಮನೆತನದವನು ಬಂಧುಬಳಗದ ನಡುವೆ ನಿಂತು ಕುಶಲ ವಿಚಾರಿಸುತ್ತಿರುವಂತೆ ಕಾಣುತ್ತಿತ್ತು. ಅಂದಾಜಪ್ಪ ಅದನ್ನು ಎರಡು ಸಲ ನೋಡಿದ. ಮೂರನೆಯ ಸಲವೂ ನೋಡಿದ. ಆಮೇಲೆ ಪೆನ್ನು ತೆಗೆದು ಬರೆದ: “ದಟ್ಟಣೆಗೆ ಕಾರಣ: ಯಾರಿಗೂ ಪರಿಚಯವಿಲ್ಲದ ಒಬ್ಬ ವ್ಯಕ್ತಿ.”

ಸಾಹೇಬರು ಓದಿ, ತಲೆದೂಗಿ ರುಜು ಹಾಕಿದರು. ಅವನು ಬರೆದ ವರದಿಯಲ್ಲಿ ಅವರು ಒಂದಕ್ಷರವನ್ನೂ ತಿದ್ದದಿದ್ದದ್ದು ಅದೇ ಮೊದಲು.