ಮೂರು ಗೇರು, ಒಂದು ಗಡಿಗೆ ಅಂಬಲಿ

ಸೈಕಲ್ಲಿನ ಚೈನ್ ಬಿಗಿ ಮಾಡುವುದು ಐದು ನಿಮಿಷದ ಕೆಲಸ. ಈ ಮಾತನ್ನು ನಾನು ಹೆಂಡತಿ ಶಾಂತಾಳಿಗೆ ಎಳ್ಳಮಾವಾಸ್ಯೆಯ ಬೆಳಿಗ್ಗೆ, ಬಸವಕಲ್ಯಾಣದ ನಮ್ಮ ಮನೆಯಂಗಳದಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದೆ. ಆ ಕೈಗಳನ್ನು ಅಲ್ಲೇ ಇಟ್ಟುಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ!

ಸೈಕಲ್ ಸಾಮಾನ್ಯದ್ದಲ್ಲ. ಹುಮನಾಬಾದಿನಲ್ಲಿರುವ ಶಾಂತಾಳ ತಮ್ಮ ಶಿವರಾಜ ಅದನ್ನು ಅಲ್ಲಿಯ ಗುಜರಿ ಅಂಗಡಿಯಲ್ಲಿ ಹುಡುಕಿ, ಬಣ್ಣ ಬಳಿಸಿ, ದೀಪಾವಳಿಗೆ ನನಗೆ ಉಡುಗೊರೆ ಕೊಟ್ಟಿದ್ದ. ಯಾವ ಕಾಲದ್ದೋ ವಿಲಾಯತಿ ಮಾಲು. ಹಿಂದಿನ ಗಾಲಿಯ ನಡುವಿನ ಹಬ್ ತಂಬಿಗೆಯಷ್ಟು ದಪ್ಪ. ಅದರ ಹೊಟ್ಟೆಯೊಳಗೇ ಮೂರು ಗೇರು! ಹ್ಯಾಂಡಲ್ಲಿನ ಲಿವರಿನಿಂದ ಒಂದು ತಂತಿ ಬಂದು, ಹಬ್ಬಿನಿಂದ ಇಣುಕುವ ಸಣ್ಣ ಸರಪಳಿಗೆ ಸೇರುತ್ತಿತ್ತು. ಒಂದನೆಯ ಗೇರು ಏರಿಗೆ, ಎರಡನೆಯದು ಸಪಾಟು ದಾರಿಗೆ, ಮೂರನೆಯದು ಜನ ನೋಡುತ್ತಿರುವಾಗ.

"ಮಾಮಾ, ಚೈನ್ ಸಡಿಲಾದ್ರ ಒಂದು ಮಾತು ನೆನಪಿಡ್ರಿ..." ಎಂದು ಶಿವರಾಜ ಅಂದೇ ಶುರು ಮಾಡಿದ್ದ.

"ನನಗೆಲ್ಲಾ ಗೊತ್ತದೋ" ಎಂದು ನಾನು ಅಲ್ಲೇ ತಡೆದಿದ್ದೆ. ಮನೆಯ ಅಳಿಯನಿಗೆ ಹೆಂಡತಿಯ ತಮ್ಮ ಪಾಠ ಹೇಳುವುದೆಂದರೇನು!

ಎಳ್ಳಮಾವಾಸ್ಯೆಯ ಊಟ ಮೋರಖಂಡಿಯ ಮಾವನವರ ಹೊಲದಲ್ಲಿ. ಮಳೆಗಾಲದಲ್ಲಿ ಆಸ್ಪತ್ರೆ ಸೇರಿದ್ದ ಮಾವ ಎಷ್ಟೋ ತಿಂಗಳ ಮೇಲೆ ಅಂದೇ ಹೊಲಕ್ಕೆ ಕಾಲಿಡುವವರಿದ್ದರು. ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಅಂಬಲಿ, ಕಾಳು-ಸೊಪ್ಪಿನ ಭಜ್ಜಿ, ರೊಟ್ಟಿ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲುವ ತನಕ, ಅಂದರೆ ಭೂಮಿತಾಯಿ ಉಣ್ಣುವ ತನಕ, ಮಾವ ಬಾಯಿಗೆ ನೀರೂ ಹಾಕುವವರಲ್ಲ. ಅತ್ತೆಯ ಕೈ ಉಳುಕಿದ್ದರಿಂದ ಆ ವರ್ಷ ಅಡುಗೆಯೆಲ್ಲ ನಮ್ಮ ಮನೆಯಲ್ಲೇ ಆಗಿತ್ತು.

ಭಜ್ಜಿಯ ಪಾತ್ರೆ, ರೊಟ್ಟಿಯ ಬುಟ್ಟಿ ಟಂಟಂ ಆಟೊ ಏರಿದವು. ಅಂಬಲಿಯ ಗಡಿಗೆಗೆ ಮಾತ್ರ ಒಳಗಿದ್ದ ಹೆಂಗಸರು ಜಾಗ ಕೊಡಲಿಲ್ಲ. "ಕುಲುಕಿ ಚೆಲ್ತದ, ಹೊಸ ಸೀರಿ ಅವ" ಎಂದರು.

"ಗಡಿಗಿ ನಾ ತರ್ತೀನಿ. ಗೇರಿನ ಸೈಕಲ್ ಅದ!" ಎಂದೆ.

"ಅದರ ಚೈನ್ ಗಡಗಡ ಅನ್ನಾಕತ್ತದಲ್ರಿ?" ಎಂದಳು ಶಾಂತಾ.

ಐದು ನಿಮಿಷದ ಮಾತು ಬಂದದ್ದು ಆಗಲೇ.

"ಅಪ್ಪ ಉಪಾಸ ಕುಂತಿರ್ತಾರ್ರಿ. ಲಗೂ ಬರ್ರಿ" ಎಂದು ಟಂಟಂ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಹೇಳುತ್ತಲೇ ಇದ್ದಳು.

ಬಿಗಿಯುವುದರಲ್ಲಿ ನನಗೆ ಹೆಸರಿತ್ತು. ಓಣಿಯಲ್ಲಿ ಯಾರ ಮನೆಯ ನವಾರ ಮಂಚ ಜೋಲುಬಿದ್ದರೂ ನನಗೇ ಕರೆ. ನಾನು ಗೋಡೆಗೆ ಕಾಲು ಕೊಟ್ಟು ಪಟ್ಟಿ ಜಗ್ಗಿದ ಮಂಚದ ಮೇಲೆ ಮಲಗಿದವರು "ಥೇಟ್ ಹಲಗಿ ಮ್ಯಾಲ ಮಲಗಿದಂಗ ಆಗ್ತದ" ಅನ್ನುತ್ತಿದ್ದರು. ಅದು ಹೊಗಳಿಕೆಯಾಗಿರಲಿಕ್ಕಿಲ್ಲ ಎಂದು ಈಗ ಅನಿಸುತ್ತದೆ.

ಸದರಿ ಶಾಸ್ತ್ರವನ್ನೇ ಸೈಕಲ್ಲಿಗೂ ಅನ್ವಯಿಸಲಾಯಿತು. ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗೋಡೆಗೆ ಕಾಲು ಕೊಟ್ಟು, ಗಾಲಿಯನ್ನು ಹಿಂದಕ್ಕೆ ಜಗ್ಗಿ, ನಟ್ಟು ಬಿಗಿದೆ. ಚೈನ್ ಕಬ್ಬಿಣದ ಸಲಾಕೆಯಂತೆ ನಿಂತಿತು. ಹೆಮ್ಮೆಯಿಂದ ಪೆಡಲ್ ಒತ್ತಿದೆ. ಅಲುಗಲಿಲ್ಲ. ಮೈಭಾರ ಹಾಕಿ ಒತ್ತಿದೆ. ಕಿರ್‍ರೆಂದು ತಿರುಗಿ ನನ್ನ ಮೊಣಕಾಲಿಗೇ ಬಡಿಯಿತು!

ಗಾಲಿ ಮುಂದಕ್ಕೆ ಬಿಟ್ಟೆ, ಚೈನ್ ಕಳಚಿ ಬಿತ್ತು. ಏರಿಸಿದೆ, ಗಾಲಿ ಸೊಟ್ಟಗಾಗಿ ಫ್ರೇಮಿಗೆ ಉಜ್ಜತೊಡಗಿತು. ನೆಟ್ಟಗೆ ಮಾಡಿದೆ, ಚೈನ್ ಮತ್ತೆ ಸಲಾಕೆ! ಕೊನೆಗೆ ಹೆಬ್ಬೆರಳಷ್ಟು ಸಡಿಲು ಉಳಿದು ಸರಿಯಾಯಿತು. ಅದೂ ನನ್ನ ಕೈ ಸೋತದ್ದರಿಂದ. ಅಷ್ಟರಲ್ಲಿ ಬಿಸಿಲು ಅಂಗಳವನ್ನೆಲ್ಲ ದಾಟಿತ್ತು. ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯನ್ನು ಕ್ಯಾರಿಯರಿಗೆ ಬಿಗಿದು ಹೊರಟೆ.

ಊರು ದಾಟುವ ಮೊದಲೇ ಸಂಶಯ ಬಂತು. ನನ್ನ ಕಾಲುಗಳು ಗರಗರ ತಿರುಗುತ್ತಿದ್ದವು, ಸೈಕಲ್ ಮಾತ್ರ ಆಚೀಚೆ ನೋಡುತ್ತಾ ಆರಾಮವಾಗಿ ಸಾಗಿತ್ತು. ಲಿವರ್ ಎಷ್ಟು ಒತ್ತಿದರೂ ಗೇರು ಬದಲಾಗಲಿಲ್ಲ. ಗಾಲಿ ಹಿಂದೆ ಸರಿದಾಗ ಗೇರಿನ ತಂತಿಯೂ ಜಗ್ಗಿಕೊಂಡು, ಏರು ಹತ್ತುವ ಒಂದನೆಯ ಗೇರಿನಲ್ಲೇ ಸೈಕಲ್ ಠಿಕಾಣಿ ಹೂಡಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಬುಟ್ಟಿ ಹೊತ್ತು ಹೊಲಕ್ಕೆ ಹೊರಟ ಹೆಂಗಸರ ಗುಂಪೊಂದು ನನ್ನನ್ನು ಹಿಂದೆ ಹಾಕಿತು. ಒಬ್ಬಾಕೆ ತಿರುಗಿ ನೋಡಿ, "ಯಣ್ಣಾ, ಕಾಲು ಓಡಾಕತ್ಯಾವ, ಸೈಕಲ್ ಯಾಕ ನಿಂತದ?" ಎಂದಳು.

ಅವಮಾನ ತಾಳದೆ ಇಳಿದು, ಸಣ್ಣ ಸರಪಳಿಯ ತಿರುಪನ್ನು ಮನಸ್ಸಿಗೆ ಬಂದಷ್ಟು ಸಡಿಲಿಸಿದೆ. ಹತ್ತಿ ತುಳಿದೆ. ಆಹಾ, ಪೆಡಲ್ ಬೆಣ್ಣೆ! ಮುಂದೆ ಇಳಿಜಾರು. ಗಾಳಿಯಂತೆ ಹೋದೆ. ಆ ಹೆಂಗಸರನ್ನು ದಾಟುವಾಗ ಬೆಲ್ ಕೂಡ ಹೊಡೆದೆ.

ಇಳಿಜಾರು ಮುಗಿಯಿತು. ಸೈಕಲ್ಲೂ ನಿಂತಿತು. ತುಳಿದರೆ ಪೆಡಲ್ ತಿರುಗುತ್ತದೆ, ಆ ಸುದ್ದಿ ಗಾಲಿಗೆ ಮುಟ್ಟುವುದೇ ಇಲ್ಲ! ನಾನು ಸಡಿಲಿಸಿದ ತಂತಿ ಎರಡನೆಯ ಮತ್ತು ಮೂರನೆಯ ಗೇರಿನ ನಡುವೆ, ಯಾವ ಗೇರೂ ಇಲ್ಲದ ಜಾಗಕ್ಕೆ ಸೈಕಲ್ಲನ್ನು ತಲುಪಿಸಿತ್ತು. ಎದ್ದು ನಿಂತು ಜೋರಾಗಿ ತುಳಿದೆ. ಪೆಡಲ್ ಸರ್ರನೆ ತಿರುಗಿತು. ನಾನು ನಡುವಿನ ಪೈಪಿನ ಮೇಲೆ ಆಸೀನನಾದೆ. ಅದರ ವಿವರಗಳಿಗೆ ಹೋಗುವುದಿಲ್ಲ. ಸೈಕಲ್ ವಾಲಿ, ಒಂದಿಷ್ಟು ಅಂಬಲಿ ನನ್ನ ಬೆನ್ನಿನ ಮೇಲೆ ತಣ್ಣಗೆ ಇಳಿಯಿತು. ಭೂಮಿತಾಯಿಗಿಂತ ಮೊದಲು ನನಗೇ ಚರಗ!

ಸೂರ್ಯ ನೆತ್ತಿಗೆ ಬಂದಿದ್ದ. ಆಗ ನಿಜವಾಗಿಯೂ ಹೆದರಿಕೆಯಾಯಿತು. ಮಾವನ ಕೈ ನಡುಗುತ್ತಿರಬಹುದು, ಕಣ್ಣು ಕತ್ತಲೆ ಬರುತ್ತಿರಬಹುದು, ಆದರೂ ಹಟ ಬಿಟ್ಟಿರುವುದಿಲ್ಲ. ನನ್ನ ಜಂಬಕ್ಕೆ ಅವರು ಉಪವಾಸ ಕೂತಿದ್ದರು.

ಅಷ್ಟರಲ್ಲಿ ಆ ಹೆಂಗಸರು ಬಂದರು. ಸೈಕಲ್ ಯಾಕೆ ನಿಂತಿದೆ ಎಂದು ಕೇಳಿದ್ದಾಕೆಯ ಹೆಸರು ಕಾಶಮ್ಮ. "ಯಾರ ಹೊಲಕ್ಕ್ರಿ?" ಎಂದಳು. ಮಾವನ ಹೆಸರು ಹೇಳಿದೆ.

"ಅಯ್ಯ, ನಮ್ಮ ಬಾಜೂ ಹೊಲ! ಹಿರ್ಯಾರು ಚರಗದ ತನಕ ಉಪಾಸ ಕುಂತಿರ್ತಾರ, ನೀವಿಲ್ಲಿ ಬೆಲ್ ಹೊಡ್ಕೋತ ಅಡ್ಡಾಡಾಕತ್ತೀರಿ? ಕೊಡ್ರಿ ಇಲ್ಲಿ."

ತನ್ನ ಬುಟ್ಟಿಯನ್ನು ಜೊತೆಯವಳ ಕೈಗೆ ದಾಟಿಸಿ, ಗಡಿಗೆಯನ್ನು ತಲೆಗೇರಿಸಿ, "ನೀವು ಸಾವಕಾಶ ಬರ್ರಿ" ಎಂದು ಜೋಳದ ನಡುವಿನ ಕಾಲುದಾರಿ ಹಿಡಿದು ಹೊರಟೇಬಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಆಕೆಗೆ ಗೇರೂ ಇರಲಿಲ್ಲ. ಅಂದು ನಾನು ಆಕೆಯ ಬೆನ್ನು ನೋಡುತ್ತಾ ಮುಗಿದ ಕೈ, ಮನಸ್ಸಿನಲ್ಲಿ ಇವತ್ತಿಗೂ ಮುಗಿದೇ ಇದೆ.

ಸೈಕಲ್ ನೂಕಿಕೊಂಡು ಹೊಲ ಮುಟ್ಟಿದಾಗ ಚರಗ ಮುಗಿದಿತ್ತು. ಕಾಶಮ್ಮನ ಮನೆಯವರೂ ನಮ್ಮವರೂ ಒಂದೇ ಮರದ ನೆರಳಲ್ಲಿ ಕುಳಿತಿದ್ದರು. ಮಾವನ ಕೈಯಲ್ಲಿ ಖಾಲಿ ಬಟ್ಟಲು. ಎದುರಿಗಿದ್ದ ರೊಟ್ಟಿ ಮಾತ್ರ ಮುರಿದಿರಲಿಲ್ಲ.

"ಅಂಬಲಿ ಕುಡದೀನಿ, ಜೀವ ಬಂತು. ಫಿಕರ್ ಮಾಡಬ್ಯಾಡ್ರಿ" ಎಂದರು. "ರೊಟ್ಟಿ ನಿಮ್ಮ ಜೋಡಿ ತಿನ್ನೋಣಂತ ಕುಂತೀನಿ ಅಳಿಯ ಸಾಹೇಬ್ರ. ಬರ್ರಿ."

ಕೈ ತೊಳೆದು ಅವರ ಪಕ್ಕದಲ್ಲೇ ಕುಳಿತೆ. ಶಾಂತಾ ನನ್ನ ಬೆನ್ನು ನೋಡಿದಳು. ನನ್ನ ತಾಟಿಗೆ ಭಜ್ಜಿ ಜಾಸ್ತಿಯೇ ಬಡಿಸಿದಳು. ಇಂಥ ಜನ ಸಿಗಲು ನಾನು ಏನು ಪುಣ್ಯ ಮಾಡಿದ್ದೆನೋ ತಿಳಿಯದು; ಸೈಕಲ್ ರಿಪೇರಿಯಂತೂ ಅಲ್ಲ.

ಊಟವಾದ ಮೇಲೆ, ಹುಮನಾಬಾದಿನಿಂದ ಬಸ್ಸಿನಲ್ಲಿ ಬಂದಿದ್ದ ಶಿವರಾಜ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಮಾಮಾ, ಅವತ್ತು ನಾ ಹೇಳಬೇಕಂದದ್ದು ಇದೇ. ಚೈನ್ ಬಿಗಿ ಮಾಡಿದ ಮ್ಯಾಲ ಗೇರಿನ ತಂತಿ ಮತ್ತ ಹೊಂದಸಬೇಕು" ಎಂದು ತಿರುಪು ತಿರುವಿದ. ಗೇರು ಟಕ್ಕೆಂದು ಬಿತ್ತು.

"ಅಷ್ಟೇನಾ?" ಎಂದೆ.

"ಅಷ್ಟೇರಿ. ಐದು ನಿಮಿಷದ ಕೆಲಸ!"

ಮರುವರ್ಷ ಮಾವ ಇನ್ನಷ್ಟು ಗಟ್ಟಿಯಾಗಿದ್ದರು. ಅಂಬಲಿಯ ಗಡಿಗೆ ಟಂಟಂನಲ್ಲಿ ಶಾಂತಾಳ ತೊಡೆಯ ಮೇಲೆ ಕುಳಿತು ಹೋಯಿತು. ಅಳಿಯನ ಮರ್ಯಾದೆ ಉಳಿಯಲೆಂದು ನನಗೂ ಒಂದು ಜವಾಬ್ದಾರಿ ವಹಿಸಿದ್ದರು: ಎಲೆ ಅಡಿಕೆಯ ಚೀಲ. ಅದನ್ನೂ ನಡೆದುಕೊಂಡೇ ತರಬೇಕೆಂಬ ಷರತ್ತಿನ ಮೇಲೆ!