ಮಿಶ್ರಿ ಡಬ್ಬಿ ಸೇರಿದ ಅರಿಷಿಣಕ್ಕೆ ಒಂದು ಬಿನ್ನಹ

ಮಾನ್ಯರಾದ ಅರಿಷಿಣದವರೇ,

ಹಾರೂಗೇರಿ ಕಡೆಯ ಹೊಲದಲ್ಲಿ ಹುಟ್ಟಿ, ಮದುವೆ, ಬಾಣಂತನ, ಬದನೆಕಾಯಿ ಪಲ್ಯ ಎಲ್ಲದರಲ್ಲೂ ಮುಂದಾಳಾಗಿರುವ ತಮಗೆ ನಿಪ್ಪಾಣಿಯ ನೀಲಮ ಮಾಡುವ ನಮಸ್ಕಾರಗಳು. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳಾದ್ದರಿಂದ ಪತ್ರದಲ್ಲಿ ತಪ್ಪಿರಬಹುದು, ಸುಳ್ಳು ಇರುವುದಿಲ್ಲ.

ತಾವು ಕ್ಯಾನ್ಸರ್ ತಡೆಯುತ್ತೀರೆಂದು ಮೊಬೈಲಿನ ವಿಡಿಯೋದಲ್ಲಿ ಕೇಳಿದಂದಿನಿಂದ ನಮ್ಮ ಅಜ್ಜಿ ಸತ್ತೆವ್ವನಿಗೆ ತಮ್ಮ ಮೇಲೆ ಅಪಾರ ಭಕ್ತಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿಮಾಡಿದ ಮಿಶ್ರಿಯನ್ನು ಹಲ್ಲಿಗೆ ತಿಕ್ಕದೆ ಅವಳು ಬೆಳಗಿನ ಚಹಾ ಮುಟ್ಟುವವಳಲ್ಲ. ಈಗ ಅದೇ ಹಂಚಿಗೆ ತಮ್ಮನ್ನೂ ಒಂದು ಚಮಚ ಸುರಿಯುತ್ತಾಳೆ. "ಒಂದು ಕೆಡಸತೈತಿ, ಒಂದು ಕಾಯತೈತಿ. ಸರಿಗೆ ಸರಿ ಆತಲ್ಲಬೇ?" ಎನ್ನುತ್ತಾಳೆ. ಓಣಿಯ ಹೆಂಗಸರೂ ಅವಳ ಡಬ್ಬಿಗೆ ಬೆರಳದ್ದಿ ನಿಶ್ಚಿಂತರಾಗಿದ್ದಾರೆ. ಇಷ್ಟು ಜನರನ್ನು ಒಂದೇ ಚಮಚದಲ್ಲಿ ನಿಶ್ಚಿಂತಗೊಳಿಸಿದ ತಮ್ಮ ಸಾಮರ್ಥ್ಯಕ್ಕೆ ಅಭಿನಂದನೆಗಳು.

ಆದರೆ ಅಜ್ಜಿಯ ಕೆನ್ನೆಯೊಳಗೆ ಬಿಳಿ ಕಲೆಯೊಂದು ಎದ್ದಿದೆ. ದವಾಖಾನೆಯ ಡಾಕ್ಟರ್ ಬಾಯಿಯವರು ಅದರ ತುಣುಕು ತೆಗೆದು ತಪಾಸಣೆ ಮಾಡಲು ಸೋಮವಾರ ಬರಹೇಳಿದ್ದಾರೆ. ಕಾಯಿಪಲ್ಲೆ, ಹಣ್ಣು, ಕಾಳು ದಿನವೂ ತಿನ್ನುವುದು ಒಳ್ಳೆಯದೇ, ತಮ್ಮೊಳಗಿನ ಹಳದಿ ಸತ್ವವನ್ನು ವಿಜ್ಞಾನಿಗಳು ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಪರೀಕ್ಷಿಸುತ್ತಲೂ ಇದ್ದಾರೆ, ಆದರೆ ತಂಬಾಕು ತಿಕ್ಕುವ ಬಾಯನ್ನು ತಾವು ಕಾಯುತ್ತೀರೆಂದು ಯಾರೂ ತೋರಿಸಿಕೊಟ್ಟಿಲ್ಲ ಎಂಬುದು ಅವರ ಮಾತು. ಅಜ್ಜಿಯ ಉತ್ತರ ಇಷ್ಟೇ: "ಅರಿಷಿಣ ಹಚ್ಚಾಕತ್ತೀನಿ. ತಪಾಸಣಿ ಯಾಕ ಬೇಕು?"

ಆದಕಾರಣ ತಾವು ದಯವಿಟ್ಟು ಭಾನುವಾರ ಸಂಜೆಯೊಳಗೆ ಆ ಕಲೆಯನ್ನು ಅಳಿಸಿಕೊಡಬೇಕು. ಅದು ಆಗದಿದ್ದರೆ, ಹಂಚಿಗೆ ಬೀಳುವಾಗ ಓಣಿಗೆಲ್ಲ ಕೇಳುವಂತೆ "ನನ್ನ ಕೈಲಿ ಆಗೂದಿಲ್ರಿ" ಎಂದು ಒಮ್ಮೆ ಕೂಗಬೇಕು. ಇದೇ ಹೊಗಳಿಕೆಗೆ ಸಿಕ್ಕಿರುವ ಬೆಳ್ಳುಳ್ಳಿಯವರನ್ನೂ ಅಥಣಿಯ ದ್ರಾಕ್ಷಿಯವರನ್ನೂ ಜೊತೆಗೆ ಕರೆತಂದರೆ ಇನ್ನೂ ಅನುಕೂಲ. ಅವರೆಲ್ಲ ಸತ್ಯವಂತರೆಂದೇ ಕೇಳಿದ್ದೇನೆ. ಅವರ ಪರವಾಗಿ ಮಾತಾಡುವವರದ್ದಷ್ಟೇ ತೊಂದರೆ.

ಪಲ್ಯದ ಮಟ್ಟಿಗೆ ಎಂದಿಗೂ ತಮ್ಮ ವಿಶ್ವಾಸಿ,
ನೀಲಮ

ತಾ.ಕ.: ಈ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. "ಪಾಪ, ಅರಿಷಿಣಕ್ಕ ಬೈದಿ. ತಂಬಾಕಕ್ಕ ಯಾಕ ಬರೀಲಿಲ್ಲಬೇ?" ಎಂದಳು. ತಂಬಾಕು ತನ್ನ ಪೊಟ್ಟಣದ ಮೇಲೆ ತಾನೇ ಹುಣ್ಣಿನ ಚಿತ್ರ ಹೊತ್ತುಕೊಂಡು ಬರುತ್ತದೆ, ಇದ್ದದ್ದನ್ನು ಇದ್ದಂತೆ ಹೇಳಿದವರನ್ನು ಏನೆಂದು ದೂರಲಿ ಎಂದೆ. ಅಜ್ಜಿ ಡಬ್ಬಿಯ ಮುಚ್ಚಳವನ್ನು ತೆಗೆದು, ಬೆರಳದ್ದದೆ ಮತ್ತೆ ಹಾಕಿದಳು. ಆಮೇಲೆ ಸೋಮವಾರದ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ತಾವು ಜೊತೆಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.